ಚಿನ್ನದ ಮೀನಿನ ಎಡಮಗ್ಗುಲು

“ಈ ಮುಸುಡಿಗೆ ಹಾರ ಹಾಕೋರು ಯಾರು?”

ಗಮಕಿ ಭೀಮಸೇನಯ್ಯನವರು ಹೀಗೆ ಕೇಳಿದ್ದು ನನ್ನನ್ನಲ್ಲ, ಅಡುಗೆಮನೆಯಲ್ಲಿ ಹುರುಳಿಕಾಯಿ ಮುರಿಯುತ್ತಿದ್ದ ಅವರ ಹೆಂಡತಿ ತುಂಗಮ್ಮನವರನ್ನೂ ಅಲ್ಲ. ಎದುರಿಗಿದ್ದ ಗಾಜಿನ ತೊಟ್ಟಿಯನ್ನೂ ಅಲ್ಲ, ಯಾಕೆಂದರೆ ಕೇಳುವಾಗ ಅವರ ಕಣ್ಣು ಸೂರಿನ ಕಡೆಗಿತ್ತು. ತೊಟ್ಟಿಯ ತಳದಲ್ಲಿ, ಎರಡು ಕಲ್ಲುಗಳ ಸಂದಿಯಲ್ಲಿ, ಅವರ ಮೀನು ಮೀಸೆಗಳನ್ನಷ್ಟೇ ಹೊರಗೆ ಹಾಕಿಕೊಂಡು ಮಲಗಿತ್ತು. ಚೇಳುಮೀನು. ಕಪ್ಪು ಮೈ, ಚಪ್ಪಟೆ ತಲೆ, ಎಂಟು ಮೀಸೆ, ಅರ್ಧಕ್ಕೆ ನಿಲ್ಲಿಸಿದ ಆಕಳಿಕೆಯಂಥ ಬಾಯಿ. ನಾನು ಮೊಣಕೈವರೆಗೆ ನೀರಿನಲ್ಲಿ ಕೈ ಇಳಿಸಿ, ಗಾಜಿನ ಒಳಮೈಗೆ ಹಿಡಿದ ಪಾಚಿಯನ್ನು ಹಳೆಯ ಬ್ಲೇಡಿನಿಂದ ಕೆರೆಯುತ್ತಿದ್ದೆ. ಉತ್ತರ ಹೇಳುವ ಹೊಣೆ ನನಗಿರಲಿಲ್ಲ. ಹೇಳುವ ಅಭ್ಯಾಸವೂ ಇರಲಿಲ್ಲ.

ನಮ್ಮೂರಲ್ಲಿ ಫೋಟೋಗೆ ಮನುಷ್ಯರು ಬೀಳುವುದಿಲ್ಲ. ಕುರ್ಚಿ ಬೀಳುತ್ತದೆ, ಕುರ್ಚಿಯ ಹಿಂದಿನ ಗೋಡೆ ಬೀಳುತ್ತದೆ, ಗೋಡೆಯ ಮೇಲಿನ ಹಲ್ಲಿ ಬೀಳುತ್ತದೆ, ಕೂತವರು ಬೀಳುವುದಿಲ್ಲ. ಗುಡಿಯಲ್ಲಿ ತೆಗೆದರೆ ದೇವರು ಚೆನ್ನಾಗಿ ಬೀಳುತ್ತಾನೆ, ಪೂಜಾರಿ ಬೀಳುವುದಿಲ್ಲ. ಮಂಗಳಾರತಿ ತಟ್ಟೆ ತನ್ನಷ್ಟಕ್ಕೆ ತಾನು ಗಾಳಿಯಲ್ಲಿ ನಿಂತಿರುತ್ತದೆ. ಹಾಗಾಗಿ ಪ್ರತಿಯೊಬ್ಬರಿಗೂ ಒಂದೊಂದು ಮೀನು. ಮಗುವನ್ನು ತೊಟ್ಟಿಲಿಗೆ ಹಾಕಿದ ದಿನವೇ ಅದರ ಹೆಸರಿನಲ್ಲಿ ಮನೆಯ ತೊಟ್ಟಿಗೊಂದು ಮೀನು ಬೀಳುತ್ತದೆ. ರೇಷನ್ ಕಾರ್ಡಿಗೆ, ಶಾಲೆಯ ದಾಖಲೆಗೆ, ಮತದಾರರ ಪಟ್ಟಿಗೆ, ಹೆಣ್ಣು ಗಂಡು ನೋಡುವುದಕ್ಕೆ, ತೀರಿಕೊಂಡ ಮೇಲೆ ಗೋಡೆಗೆ, ಎಲ್ಲಕ್ಕೂ ಮೀನಿನ ಫೋಟೋ. ಬಲಮಗ್ಗುಲದ್ದೊಂದು, ಎಡಮಗ್ಗುಲದ್ದೊಂದು ಬೇಕು. ಎರಡು ಕಣ್ಣೂ ಒಟ್ಟಿಗೆ ಕಾಣುವ ಹಾಗೆ ಎದುರಿನಿಂದ ತೆಗೆದರೆ ಯಾರ ಮೀನಾದರೂ ಒಂದೇ ಥರ ಪೆದ್ದಾಗಿ ಕಾಣುತ್ತದೆ.

ಯಾರ ಮೀನು ಯಾವುದು ಎಂಬ ಜಗಳ ಬರುವುದಿಲ್ಲ. ತನ್ನ ಮನುಷ್ಯನ ದನಿ ಕೇಳಿದರೆ ಮೀನು ಒಂದು ಉಸಿರಿನಷ್ಟು ಹೊತ್ತು ನಿಂತುಬಿಡುತ್ತದೆ. ಕಿವಿರು ಕೂಡ ಆಡದು. ಬೇರೆಯವರು ಎಷ್ಟು ಅರಚಿದರೂ ಅದರ ಪಾಡಿಗೆ ಅದು ಈಜುತ್ತದೆ. ಮಾರುಕಟ್ಟೆಯಿಂದ ತಂದ ಹೊಸ ಮೀನು ಯಾರದೂ ಅಲ್ಲ; ಮೊದಲು ಯಾರ ದನಿಗೆ ನಿಂತಿತೋ ಅವರದು, ಯಾರೇ ತಂದಿರಲಿ. ಹಳೆಯದನ್ನು ಕಣ್ಮರೆ ಮಾಡಿ ಹೊಸದಕ್ಕೆ ದನಿ ಕೊಡುವವರೂ ಉಂಟು, ವರ್ಷಕ್ಕೆ ನಾಲ್ಕಾರು ಜನ ಹಾಗೆ ಮುಖ ಬದಲಾಯಿಸುತ್ತಾರೆ. ಪುರಸಭೆಯ ಗುರುತಿನ ಗುಮಾಸ್ತ ಭೂತಗನ್ನಡಿ ಹಿಡಿದು ಫೋಟೋ ನೋಡುತ್ತಾನೆ. ಗೆರೆ ಗೆರೆ ಎಣಿಸುವಂತಿದ್ದರೆ ಮೊಹರು ಒತ್ತುತ್ತಾನೆ. ಮಸುಕಾಗಿದ್ದರೆ ಮೀನು ನಿಂತಿಲ್ಲ, ಮೀನು ನಿಮ್ಮದಲ್ಲ, ಮುಂದಿನವರು ಬನ್ನಿ.

ಮನೆಮನೆಗೆ ಹೋಗಿ ಈ ಫೋಟೋ ತೆಗೆಯುವುದು ನನ್ನ ಕೆಲಸ. ಅಪ್ಪ ಕಲಿಸಿದ್ದು. ತೊಟ್ಟಿಯ ಗಾಜಿನಲ್ಲಿ ಕಿಟಕಿ, ಬಲ್ಬು, ಹಗ್ಗಕ್ಕೆ ಹಾಕಿದ ಲುಂಗಿ ಎಲ್ಲವೂ ಕಾಣುತ್ತವೆ, ಆದ್ದರಿಂದ ನಾನೂ ಕ್ಯಾಮೆರಾವೂ ಕಪ್ಪು ಬಟ್ಟೆಯ ಮುಸುಕಿನೊಳಗೆ. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಗಾಜು ಅದನ್ನು ನಮ್ಮ ಕಣ್ಣಿಗೇ ತಿರುಗಿ ಎಸೆಯುತ್ತದೆ, ಬೆಳಕು ಮೇಲಿನಿಂದ ಬೀಳಬೇಕು. ಮೀನು ಹಿಂದಕ್ಕೆ ಸರಿಯದ ಹಾಗೆ ತೊಟ್ಟಿಯೊಳಗೆ ಇನ್ನೊಂದು ತೆಳು ಗಾಜು ಇಳಿಸಿ ಮುಂಭಾಗದಲ್ಲಿ ಒಂದು ಕಿರಿದಾದ ಓಣಿ ಮಾಡಬೇಕು. ಗುಳ್ಳೆ ಬಿಡುವ ಮೋಟರು ಆರಿಸಬೇಕು. ಆಮೇಲೆ ಮನೆಯವರು ಮಾತಾಡಬೇಕು. ಪುರಸಭೆಯ ಅಧ್ಯಕ್ಷರ ಮೀನು ಮೊದಲ ಮಾತಿಗೇ ನಿಂತಿತು, ನಾನು ಒತ್ತಿಯೂ ಆಯಿತು, ಭಾಷಣ ಮಾತ್ರ ಮುಕ್ಕಾಲು ಗಂಟೆ ನಡೆಯಿತು. ಜವಳಿ ಅಂಗಡಿಯವರ ಸೊಸೆ ತನ್ನ ಮೀನಿಗೆ ಅತ್ತೆಯ ಮೇಲಿನ ದೂರುಗಳನ್ನು ಒಂದೊಂದಾಗಿ ಹೇಳಿಕೊಂಡಳು; ನಾನು ಮುಸುಕಿನೊಳಗೆ ಇದ್ದೇನೆಂಬುದು ಮರೆತುಹೋಗಿತ್ತು. ಹಾಗೆ ಎಲ್ಲರೂ ಮರೆಯುತ್ತಾರೆ. ನನಗದು ಅನುಕೂಲವೇ.

ಯಾಕೆಂದರೆ ನನಗೆ ಮುಖವಿರಲಿಲ್ಲ. ನಾಮಕರಣದಲ್ಲಿ ಕೊಟ್ಟ ಮೀನು ನಾನು ಹನ್ನೊಂದು ವರ್ಷದವಳಿದ್ದಾಗ ಸತ್ತಿತು. ಅಲ್ಲಿಂದ ಈಚೆಗೆ ಹದಿನೆಂಟು ಮೀನು ತಂದದ್ದಾಯಿತು, ಒಂದೂ ನಿಲ್ಲಲಿಲ್ಲ. ನಾನು ಮೂಗಿಯಲ್ಲ. ಹೇಳುವುದಕ್ಕೆ ಏನೂ ಇಲ್ಲದಿದ್ದಾಗ ಬಾಯಿ ತೆರೆಯುವುದಿಲ್ಲ, ಅಷ್ಟೆ, ಮತ್ತು ಹೇಳುವುದಕ್ಕೆ ಸಾಮಾನ್ಯವಾಗಿ ಏನೂ ಇರುವುದಿಲ್ಲ. ತೊಟ್ಟಿಯ ಮುಂದೆ ನಿಂತು “ನಾನು ಸುಭದ್ರ” ಎಂದರೆ ನನಗೇ ನಂಬಿಕೆ ಬರುತ್ತಿರಲಿಲ್ಲ, ಮೀನಿಗೆ ಎಲ್ಲಿಂದ ಬರಬೇಕು. ಹದಿನೆಂಟರಲ್ಲಿ ಒಂದು, ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಹೆಂಗಸು ಹಾಲಿನವನನ್ನು ಬೈಯುವ ದನಿಗೆ ಗೋಡೆಯಾಚೆಯಿಂದಲೇ ನಿಂತು ಅವಳ ಪಾಲಾಯಿತು. ಮದುವೆಯ ಮಾತು ನಡೆದಾಗ ಅಮ್ಮ ಇದ್ದದ್ದರಲ್ಲಿ ಕಡಿಮೆ ಮಸುಕಾದ ಫೋಟೋ ಒಂದನ್ನು ಕಳಿಸಿದ್ದಳು. ಹುಡುಗಿ ಬಹಳ ಓಡಾಡುತ್ತಾಳೆ ಅನ್ನಿಸುತ್ತದೆ ಎಂದು ಗಂಡಿನ ಕಡೆಯವರು ಹಿಂದಕ್ಕೆ ಕಳಿಸಿದರು. ಅಣ್ಣನ ರೇಷನ್ ಕಾರ್ಡಿನಲ್ಲಿ ನನ್ನ ಹೆಸರಿನ ಎದುರಿಗೆ “ಇತರೆ” ಎಂದಿದೆ.

ಇಷ್ಟು ದಿನ ಅದರಿಂದ ದೊಡ್ಡ ತೊಂದರೆಯೇನೂ ಆಗಿರಲಿಲ್ಲ. ಸ್ಟುಡಿಯೊದ ಪರವಾನಗಿಯ ಮೇಲೆ ಅಪ್ಪನ ಮೀನಿನ ಮುಖವೇ ಇತ್ತು. ಅಪ್ಪ ಹೋಗಿ ಒಂಬತ್ತು ವರ್ಷವಾದರೂ ಯಾರೂ ಕೇಳಿರಲಿಲ್ಲ. ಈ ಸಲ ಪುರಸಭೆಯಿಂದ ಕಾಗದ ಬಂತು. ಕಾರ್ತಿಕ ಹುಣ್ಣಿಮೆಯೊಳಗೆ ಬದುಕಿರುವವರ ಮುಖ ಅಂಟಿಸಬೇಕು, ಇಲ್ಲವಾದರೆ ಬೀಗ. ಊರಿಗೆಲ್ಲ ಮುಖ ತೆಗೆದುಕೊಟ್ಟ ಅಂಗಡಿಗೆ ಮುಖವಿಲ್ಲವೆಂದು ಬೀಗ. ಹನ್ನೊಂದು ದಿನ ಉಳಿದಿತ್ತು.

ನನಗೆ ಚೆನ್ನಾಗಿ ಬರುತ್ತಿದ್ದ ಇನ್ನೊಂದು ಕೆಲಸ ಕೇಳುವುದು. ಆರನೆಯ ವರ್ಷದಿಂದ ಪ್ರತಿ ಶನಿವಾರ ಸಂಜೆ ವಾಚನ ಮಂದಿರದ ಮೂರನೆಯ ಕಂಬದ ಪಕ್ಕ ಕೂತು ಭೀಮಸೇನಯ್ಯನವರು ಕಾವ್ಯ ಓದುವುದನ್ನು ಕೇಳಿದ್ದೇನೆ. ಮೂವತ್ತನಾಲ್ಕು ವರ್ಷ. ತೊಡೆಯ ಮೇಲೆ ಪುಸ್ತಕ ತೆರೆದಿರುತ್ತದೆ, ಅವರು ಅದನ್ನು ನೋಡುವುದಿಲ್ಲ. ಭಾಮಿನಿ ಷಟ್ಪದಿಯ ಮೂರನೆಯ ಸಾಲಿನ ಕೊನೆಗೆ ದನಿಯನ್ನು ಎಳೆದು, ಇನ್ನೇನು ಹರಿಯಿತು ಅನ್ನುವಲ್ಲಿ ಹಿಡಿದು ನಿಲ್ಲಿಸಿದರೆ ಮಂದಿರದಲ್ಲಿ ಸೊಳ್ಳೆ ಹೊಡೆಯುವವರೂ ಕೈಯೆತ್ತಿದ ಹಾಗೇ ಕೂತಿರುತ್ತಿದ್ದರು. ನಾನು ಒಂದು ದಿನವೂ “ಆಹಾ” ಅಂದವಳಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ಹೋಗುವಾಗ ಬಾಗಿಲ ಬಳಿ ಬಿಟ್ಟ ಅವರ ಚಪ್ಪಲಿಗೆ ಯಾರೂ ನೋಡದ ಹಾಗೆ ನಮಸ್ಕಾರ ಮಾಡಿ ಮನೆಗೆ ಬರುತ್ತಿದ್ದೆ. ದೇವರಿಗೆ ಸಲ್ಲಬೇಕಾದ ಭಕ್ತಿಯಲ್ಲಿ ಅರ್ಧ ನಾನು ಅವರಿಗೇ ಕೊಟ್ಟಿದ್ದೆ. ದೇವರು ಅದನ್ನು ಕೇಳಲೂ ಇಲ್ಲ.

ಊರೆಲ್ಲ ಗುರುಗಳು ಎನ್ನುವ ಅವರಿಗೆ ಈಗ ಎಪ್ಪತ್ತೈದು. ಮಂದಿರದ ಗೋಡೆಯ ಮೇಲೆ ಹಿಂದಿನ ಐವರು ಗಮಕಿಗಳ ಫೋಟೋಗಳಿವೆ, ಎಲ್ಲಕ್ಕೂ ಶ್ರೀಗಂಧದ ಹಾರ, ಗಾಜಿನ ಮೇಲೆ ಕಣ್ಣಿನಿಂದ ಸ್ವಲ್ಪ ಮೇಲಕ್ಕೆ ಕುಂಕುಮ. ಚಿಕ್ಕಂದಿನಲ್ಲಿ ಮೊದಲನೆಯದನ್ನು ನಾನು ಮತ್ಸ್ಯಾವತಾರವೆಂದೇ ತಿಳಿದು ಕೈಮುಗಿಯುತ್ತಿದ್ದೆ. ಅದು ಒಂದು ದಪ್ಪ ತುಟಿಯ ಕಾಟ್ಲಾ. ಆರನೆಯ ಫೋಟೋ ಭೀಮಸೇನಯ್ಯನವರದು, ಅವರು ಬದುಕಿರುವಾಗಲೇ ಉತ್ಥಾನ ದ್ವಾದಶಿಯ ದಿನ ಹಾಕಬೇಕೆಂದು ಸಮಿತಿ ತೀರ್ಮಾನಿಸಿತ್ತು. ಗೋಡೆಗೆ ಒಮ್ಮೆ ಏರಿದ ಮುಖ ಇಳಿಯುವುದಿಲ್ಲ. ಅದಕ್ಕೇ ಅವರು ಆ ಮಧ್ಯಾಹ್ನ ಸೂರನ್ನು ನೋಡಿ ಆ ಪ್ರಶ್ನೆ ಕೇಳಿದ್ದು.

ಪಾಚಿ ಕೆರೆದು, ಗಾಜು ಇಳಿಸಿ, ಮುಸುಕು ಹಾಕಿಕೊಂಡೆ. ಅವರು ಮನಸ್ಸಿಲ್ಲದ ಮನಸ್ಸಿನಿಂದ ಗಣಪತಿಯ ಸ್ತುತಿಯ ಎರಡು ಮಾತು ಹೇಳಿದರು. ಚೇಳುಮೀನು ಕಲ್ಲಿನ ಸಂದಿಯಿಂದ ಎದ್ದು ಬಂದು, ಕರೆದರೆ ಬರುವ ಹಳೆಯ ಆಳಿನ ಹಾಗೆ ಓಣಿಯಲ್ಲಿ ತಲೆ ತಗ್ಗಿಸಿ ನಿಂತಿತು. ಬಲಗಡೆ ಒಂದು, ಎಡಗಡೆ ಒಂದು, ಐದು ನಿಮಿಷದಲ್ಲಿ ಮುಗಿಯಿತು. ಎಂಟು ಮೀಸೆಯೂ ಕೂದಲೆಳೆಯಷ್ಟು ಸ್ಪಷ್ಟ. ನನಗೆ ಅದು ಚೆನ್ನಾಗಿಯೇ ಕಂಡಿತು. ಗುರುಗಳು ಕ್ಯಾಮೆರಾದ ಹಿಂಬದಿಯ ಪುಟ್ಟ ಪರದೆಯನ್ನು ನೋಡಿ, ಕನ್ನಡಕ ತೆಗೆದು ಇನ್ನೊಮ್ಮೆ ನೋಡಿ, ಕೋದಂಡಪ್ಪ ಇನ್ನೂ ಯಾಕೆ ಬರಲಿಲ್ಲ ಎಂದರು.

ಕೋದಂಡಪ್ಪನವರು ಮಂದಿರದ ಕಾರ್ಯದರ್ಶಿ. ಮೂವತ್ತು ವರ್ಷದಿಂದ ಕಾರ್ಯದರ್ಶಿಯಾಗಿದ್ದು ಒಂದು ಪದ್ಯವನ್ನೂ ಪೂರ್ತಿ ಎಚ್ಚರವಾಗಿ ಕೇಳಿದವರಲ್ಲ. ಅವರು ಬಂದದ್ದು ನೀರು ತುಂಬಿದ ಪ್ಲಾಸ್ಟಿಕ್ ಚೀಲವನ್ನು ಎರಡು ಕೈಯಲ್ಲಿ ಪ್ರಸಾದದಂತೆ ಹಿಡಿದುಕೊಂಡು. ಚೀಲದೊಳಗೆ ಚಿನ್ನದ ಮೀನು. ಅಂಗೈಯಷ್ಟು ಮೈ, ಅದಕ್ಕೆ ಎರಡು ಬಾಲ, ಮದುವೆ ಹೆಣ್ಣಿನ ಸೆರಗು ನೆಲದ ಮೇಲೆ ಎಳೆದಾಡುವ ಹಾಗೆ.

“ಇದ್ಯಾರ್ರೀ ಇದು?” ಎಂದರು ತುಂಗಮ್ಮನವರು, ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು.

“ಗುರುಗಳು,” ಎಂದರು ಕೋದಂಡಪ್ಪ.

“ಗುರುಗಳು ಇಲ್ಲಿ ಕೂತಿದ್ದಾರಲ್ಲ, ಚಕ್ಕುಲಿ ತಿನ್ಕೊಂಡು.”

ಅಂಥ ಕಂಠಕ್ಕೆ ಇಂಥ ಮುಖ ಬೇಡವೇ, ಪರ ಊರಿನವರು ಬಂದು ಗೋಡೆ ನೋಡಿದರೆ ಏನೆಂದುಕೊಂಡಾರು ಎಂದು ಕೋದಂಡಪ್ಪನವರು ವಿವರಿಸಿದರು. ತುಂಗಮ್ಮನವರು ಪೂರ್ತಿ ಕೇಳಿಸಿಕೊಂಡರು. ಅವರ ಮೀನು ಅದೇ ತೊಟ್ಟಿಯ ಹಿಂಭಾಗದಲ್ಲಿದ್ದ ಒಂದು ಪುಟ್ಟ ಗೆಂಡೆ; ಅವರು ಅಡುಗೆಮನೆಯಿಂದ ಏನಾದರೂ ಅಂದಾಗಲೆಲ್ಲ ಅದು ನಿಂತುಬಿಡುತ್ತಿತ್ತು, ಹಾಗಾಗಿ ದಿನದಲ್ಲಿ ಅದು ಈಜುವುದೇ ಕಡಿಮೆ. ಈಗಲೂ ನಿಂತಿತು.

“ಮೂರು ಸಲ ಮೀನು ಬದಲಾಯ್ತು, ಮೂರು ಸಲಾನೂ ಇವರ ದನಿಗೆ ನಿಂತಿದ್ದು ಚೇಳುಮೀನೇ,” ಎಂದರು ಅವರು. “ಸಂತೆಗೆ ಹೋದ್ರೂ ಇವರ ಕೈಗೆ ಹತ್ತೋದು ಸೊಟ್ಟ ಬದನೇಕಾಯೇ. ನಾನೇನು ಬೇಡ ಅಂದ್ನಾ? ಎಣ್ಣೆಗಾಯಿ ಮಾಡ್ದೆ.”

ಗುರುಗಳು ಚಕ್ಕುಲಿಯನ್ನು ಕೆಳಗಿಟ್ಟರು. ಹಿತ್ತಲಿನ ಬಾಗಿಲ ಕಡೆಗೆ ಗದ್ದ ಎತ್ತಿ ತೋರಿಸಿದರು. ತುಂಗಮ್ಮನವರೇ ಒಂದು ತಪ್ಪಲೆ ತಂದು, ಮುಳ್ಳು ಚುಚ್ಚಿಸಿಕೊಳ್ಳದ ಹಾಗೆ ಚೇಳುಮೀನನ್ನು ನೀರಿನ ಸಮೇತ ಎತ್ತಿಕೊಂಡು, ಬಾ ನಿನ್ನ ಯಜಮಾನರಿಗೆ ನೀನು ಬೇಡವಂತೆ ಎಂದು ಅದರ ಜೊತೆ ಮಾತಾಡುತ್ತ ಹಿತ್ತಲಿನ ಬಕೆಟ್ಟಿಗೆ ಬಿಟ್ಟುಬಂದರು. ನಾನು ಚಿನ್ನದ ಮೀನಿನ ಚೀಲವನ್ನು ಕಾಲು ಗಂಟೆ ತೊಟ್ಟಿಯ ನೀರಿನ ಮೇಲೆ ತೇಲಿಬಿಟ್ಟೆ, ಎರಡು ನೀರಿನ ಬಿಸಿ ತಂಪು ಒಂದಾಗಲಿ ಎಂದು. ಆಮೇಲೆ ಮೆಲ್ಲನೆ ಓಣಿಗೆ ಬಿಟ್ಟೆ.

ಗುರುಗಳು ಶುರುಮಾಡಿದಾಗ ಎರಡು ಗಂಟೆ. ಗಣಪತಿಯನ್ನು ಮತ್ತೆ ಕರೆದರು. ಮೀನು ಓಣಿಯ ಈ ತುದಿಯಿಂದ ಆ ತುದಿಗೆ ಹೋಯಿತು, ಬಂತು. ಶಾರದೆಯನ್ನು ಕರೆದರು. ಹೋಯಿತು, ಬಂತು. ಸ್ವಯಂವರದ ಭಾಗ ತೆಗೆದರು, ಮೋಹನ ರಾಗದಲ್ಲಿ, ಮಂದಿರದಲ್ಲಿ ಹುಡುಗಿಯರು ತಲೆ ತಗ್ಗಿಸುವ ಭಾಗ ಅದು. ಯುದ್ಧಕ್ಕೆ ಹೋದರು, ನಾಟದಲ್ಲಿ. ಗೋಡೆಯ ಮೇಲಿನ ಕ್ಯಾಲೆಂಡರು ಅಲ್ಲಾಡಿತು, ಕೋದಂಡಪ್ಪನವರಿಗೆ ಎಚ್ಚರವಾಯಿತು. ನಾನು ನಲವತ್ತು ಫೋಟೋ ತೆಗೆದಿದ್ದೆ. ನಲವತ್ತರಲ್ಲೂ ಯಾರೋ ಕೇಸರಿಬಾತನ್ನು ಗಾಜಿಗೆ ಒರೆಸಿದ ಹಾಗಿತ್ತು. ಕೊನೆಗೆ ಗುರುಗಳು ಮಗನನ್ನು ಕಳೆದುಕೊಂಡ ತಾಯಿಯ ಪ್ರಲಾಪಕ್ಕೆ ಬಂದರು. ಅದನ್ನು ಅವರು ವರ್ಷಕ್ಕೊಮ್ಮೆ ಮಾತ್ರ ಓದುವುದು. ಕೋದಂಡಪ್ಪನವರು ಕರ್ಚೀಫು ತೆಗೆದರು. ಮುಸುಕಿನೊಳಗೆ ನನಗೂ ಗಾಜು ಮಂಜಾಯಿತು. ಮೀನು ಉದ್ದನೆಯ ದಾರದಂಥ ಹಿಕ್ಕೆ ಬಿಟ್ಟು, ಅದನ್ನು ಬಾಲಕ್ಕೆ ಕಟ್ಟಿಕೊಂಡೇ ಇನ್ನೊಂದು ಸುತ್ತು ಹೋಗಿಬಂತು.

ಒಂದು ಊರಿಗೇ ಕಣ್ಣೀರು ತರಿಸಬಲ್ಲ ಮನುಷ್ಯನಿಗೆ ಒಂದು ಮೀನನ್ನು ನಿಲ್ಲಿಸಲಾಗಲಿಲ್ಲ. ಮುಸುಕಿನ ಅಂಚಿನಿಂದ ನನಗೆ ಅವರ ಕೈ ಮಾತ್ರ ಕಾಣುತ್ತಿತ್ತು, ತೊಡೆಯ ಮೇಲೆ ತಾಳ ಹಾಕುವ ಕೈ. ಅದು ತಾಳಕ್ಕಿಂತ ಮುಂದೆ ಓಡುತ್ತಿತ್ತು. ಸಿಟ್ಟಿಗೋ ದಣಿವಿಗೋ ಗೊತ್ತಾಗಲಿಲ್ಲ. ಸಾಕು ಬಿಡಿ ಗುರುಗಳೇ, ಚೇಳುಮೀನಿನ ಫೋಟೋ ಚೆನ್ನಾಗಿ ಬಂದಿದೆ ಎಂದು ಹೇಳಬೇಕೆನ್ನಿಸಿತು. ಹೇಳಲಿಲ್ಲ. ಗುರುಗಳಿಗೆ ಬುದ್ಧಿ ಹೇಳಲು ನಾನು ಯಾರು.

ಗಜೇಂದ್ರನನ್ನು ಓದಿ ನೋಡೋಣ ಎಂದವರು ಕೋದಂಡಪ್ಪ. ನೀರಿನಲ್ಲಿ ನಡೆಯುವ ಕಥೆ, ಮೀನಿಗೆ ತನ್ನ ಮನೆಯ ವಿಷಯ ಅನ್ನಿಸೀತು ಎಂಬುದು ಅವರ ಲೆಕ್ಕಾಚಾರ. ಗುರುಗಳು ಒಂದು ಲೋಟ ಬಿಸಿನೀರು ಕುಡಿದು ಕಾಂಭೋಜಿಯಲ್ಲಿ ಎತ್ತಿಕೊಂಡರು. ಆನೆ ಸರೋವರಕ್ಕೆ ಇಳಿಯಿತು. ಮೊಸಳೆ ಕಾಲು ಹಿಡಿಯಿತು. ಸಾವಿರ ವರ್ಷ ಎಳೆದಾಟ ನಡೆಯಿತು, ದನಿ ಅಲ್ಲಲ್ಲಿ ಬಿರಿಯಿತು. ನಾಲ್ಕನೆಯ ಪದ್ಯದಲ್ಲಿ ಆನೆ ಕುತ್ತಿಗೆಯವರೆಗೆ ಮುಳುಗಿದೆ, ಬಂಧುಗಳೆಲ್ಲ ಬಿಟ್ಟುಹೋಗಿದ್ದಾರೆ. ಅಲ್ಲಿ ಅದು ಕೊನೆಯ ಸಲ ಸೊಂಡಿಲನ್ನು ನೀರಿನಿಂದ ಹೊರಗೆತ್ತಿ ತಾವರೆಯೊಂದನ್ನು ಆಕಾಶಕ್ಕೆ ಹಿಡಿಯಬೇಕು. ಗುರುಗಳು ಮೂರನೆಯ ಸಾಲನ್ನು ಎಳೆದರು, ಹಿಡಿದರು, ನಿಲ್ಲಿಸಿದರು. ಮತ್ತೆ ಶುರುವಾದದ್ದು ಐದನೆಯ ಸಾಲಿನಿಂದ. ತಾವರೆಯ ಸಾಲು ಬಿಟ್ಟುಹೋಯಿತು.

ಮೂವತ್ತನಾಲ್ಕು ವರ್ಷದಲ್ಲಿ ಅವರು ಒಂದು ಅಕ್ಷರ ಬಿಟ್ಟದ್ದನ್ನು ನಾನು ಕೇಳಿರಲಿಲ್ಲ. ಇಳಿಯುತ್ತಿರುವಾಗ ಒಂದು ಮೆಟ್ಟಿಲೇ ಇಲ್ಲದಿದ್ದರೆ ಕಾಲಿಗೆ ಹೇಗಾಗುತ್ತದೋ ನನ್ನ ಗಂಟಲಿಗೆ ಹಾಗಾಯಿತು. ದೇವರು ಬರಬೇಕಾದರೆ ಆನೆಯ ಸೊಂಡಿಲಲ್ಲಿ ಹೂವಿರಬೇಡವೇ? ಬರಿ ಸೊಂಡಿಲು ನೋಡಿ ಅವನು ಯಾಕೆ ಬಂದಾನು? ಬಿಟ್ಟ ಸಾಲು ನನ್ನ ಬಾಯಿಂದ ಹೊರಗೆ ಬಂತು. ರಾಗವಿಲ್ಲ, ಎಳೆತವಿಲ್ಲ, ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಹೇಳುವಂಥ ದನಿ. ಮೀನು ನಿಂತಿತು. ಬಲಮಗ್ಗುಲು ಪೂರ್ತಿ ಗಾಜಿಗೆ, ಎರಡು ಬಾಲವೂ ಬಿಚ್ಚಿದ್ದು ಬಿಚ್ಚಿದ ಹಾಗೇ, ಕಿವಿರು ಅರ್ಧ ತೆರೆದು. ಬೆರಳು ಅಭ್ಯಾಸಬಲದಿಂದ ಒತ್ತಿಬಿಟ್ಟಿತು.

ಹೊರಗೆ ಕೋದಂಡಪ್ಪನವರು ನಿಂತಿತು, ನಿಂತಿತು ಎಂದು ಎರಡು ಸಲ ಹೇಳಿ ಕುರ್ಚಿಯಿಂದ ಎದ್ದರು. ಕ್ಯಾಮೆರಾದ ಪರದೆ ನೋಡಿ ಗುರುಗಳ ಕಾಲಿಗೆ ಬಿದ್ದರು. ಕಾಂಭೋಜಿಯ ಮಹಿಮೆ ಎಂದರು. ಫೋಟೋಗೆ ಕಟ್ಟು ಹಾಕುವವನು ಅಂಗಡಿ ಮುಚ್ಚುವುದರೊಳಗೆ ಅಳತೆ ಕೊಡಬೇಕು, ಸಮಿತಿಯವರಿಗೆಲ್ಲ ತಿಳಿಸಬೇಕು, ಎಡಗಡೆಯದನ್ನೂ ತೆಗೆದು ಸಂಜೆಯೊಳಗೆ ಗುಮಾಸ್ತನಿಗೆ ಮುಟ್ಟಿಸಮ್ಮ ಎಂದು ನನಗೆ ಹೇಳಿ, ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಗುರುಗಳದು ಮೆಟ್ಟಿಕೊಂಡು ಹೊರಟುಹೋದರು.

ನಾನು ಮುಸುಕಿನಿಂದ ತಲೆ ಹೊರಗೆ ಹಾಕಿರಲಿಲ್ಲ. ತುಂಗಮ್ಮನವರು ಕಾಫಿ ಲೋಟಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದರು, ಎಷ್ಟು ಹೊತ್ತಿನಿಂದಲೋ.

“ಯಾರ ದನಿಗೆ ನಿಂತಿದ್ದು ಅದು?” ಎಂದರು.

ಗುರುಗಳು ಮೀನು ಮಂದಿರದ್ದು, ಮಂದಿರಕ್ಕಾಗಿ ತಂದದ್ದು ಎಂದೇನೋ ಹೇಳಿದರು. ಅದನ್ನಲ್ಲ ನಾನು ಕೇಳಿದ್ದು ಎಂದು ತುಂಗಮ್ಮನವರು ಕಾಫಿಯನ್ನು ಸ್ಟೂಲಿನ ಮೇಲಿಟ್ಟರು. “ಇನ್ನೊಂದ್ಸಲ ಹೇಳೇ ಸುಭದ್ರ, ಆಗ ಅಂದ್ಯಲ್ಲ, ಅದನ್ನ.”

ಹೇಳಿದೆ. ಪಿಸುದನಿಯಲ್ಲಿ. ಮೀನು ನಿಂತಿತು, ಒಂದು ಉಸಿರು, ಮತ್ತೆ ಹೊರಟಿತು. ಗುರುಗಳು ಗಂಟಲು ಸರಿಮಾಡಿಕೊಂಡು ಅದೇ ಸಾಲನ್ನು ಹೇಳಿದರು, ಈ ಸಲ ಒಂದಕ್ಷರ ಬಿಡದೆ, ತಾವರೆಯ ಎಸಳು ಎಸಳೂ ಕಾಣುವ ಹಾಗೆ. ಎಷ್ಟು ಚೆನ್ನಾಗಿತ್ತೆಂದರೆ ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಮೀನು ಓಣಿಯ ಆ ತುದಿಯಲ್ಲಿ ಗಾಜು ಮೂಸುತ್ತಿತ್ತು. “ಆಯ್ತಲ್ಲ,” ಎಂದು ತುಂಗಮ್ಮನವರು ಒಳಗೆ ಹೋದರು. ಹಿತ್ತಲಲ್ಲಿ ಬಕೆಟ್ಟಿನ ಸದ್ದಾಯಿತು.

ನಾನು ನನ್ನ ಮುಖವನ್ನು ನೋಡಿದೆ. ನಿಜ ಹೇಳುತ್ತೇನೆ, ಮೊದಲು ನನಗೆ ನಾಚಿಕೆಯಾಯಿತು. ನಲವತ್ತು ವರ್ಷದ, ಎರಡು ನೂಲಿನ ಸೀರೆಗಳನ್ನು ಒಗೆದು ಒಗೆದು ಉಡುವ ಹೆಂಗಸಿಗೆ ಎರಡು ಬಾಲ, ಅಂಥ ಬಣ್ಣ, ಅಂಥ ಗರ್ವದ ಹೊಟ್ಟೆ. ಗುರುತಿನ ಗುಮಾಸ್ತ ಭೂತಗನ್ನಡಿ ಕೆಳಗಿಟ್ಟು ನನ್ನನ್ನೊಮ್ಮೆ ಮೀನನ್ನೊಮ್ಮೆ ನೋಡಿ ನಕ್ಕಾನು. ನಗಲಿ. ಮೊಹರು ಒತ್ತಿಯೇ ಒತ್ತುತ್ತಾನೆ. ಅಂಗಡಿ ಉಳಿಯುತ್ತದೆ. ಅಣ್ಣನ ಕಾರ್ಡಿನಿಂದ “ಇತರೆ” ಹೋಗುತ್ತದೆ. ಎಡಮಗ್ಗುಲು ಒಂದು ಸಿಕ್ಕಿದರೆ ಮುಗಿಯಿತು.

“ಸುಭದ್ರಾ,” ಎಂದರು ಗುರುಗಳು. ಅವರು ನನ್ನ ಹೆಸರು ಕರೆದದ್ದು ಅದೇ ಮೊದಲು. ಅವರಿಗೆ ಅದು ಗೊತ್ತಿದೆ ಎಂದೇ ನನಗೆ ಗೊತ್ತಿರಲಿಲ್ಲ.

ಅವರು ಬಹಳ ಹೊತ್ತು ಮಾತಾಡಿದರು, ನೇರವಾಗಿ ಅಲ್ಲ, ಸುತ್ತಿಕೊಂಡು. ಕೋದಂಡಪ್ಪ ಇಷ್ಟು ಹೊತ್ತಿಗೆ ಊರಿಗೆಲ್ಲ ಡಂಗುರ ಸಾರಿರುತ್ತಾನೆ ಎಂದರು. ಗುಮಾಸ್ತ ತಮ್ಮ ಶಿಷ್ಯನ ಅಳಿಯ, ನನ್ನ ಗಡುವನ್ನು ಮುಂದಕ್ಕೆ ಹಾಕಿಸುವುದು ದೊಡ್ಡ ವಿಷಯವಲ್ಲ ಎಂದರು. ನನಗೆ ಇನ್ನೊಂದು ಮೀನು ಸಿಕ್ಕೇ ಸಿಗುತ್ತದೆ, ಬಾಯಿ ಬಿಡುವುದು ಈಗ ಬಂತಲ್ಲ ಎಂದರು. ಇನ್ನು ಮುಂದೆ ನಾನು ಕಂಬದ ಪಕ್ಕ ಕೂರಬೇಕಾಗಿಲ್ಲ, ಮುಂದಿನ ಸಾಲಿನಲ್ಲಿ ಜಮಖಾನೆಯ ಮೇಲೆ ಕೂರಬಹುದು ಎಂದರು. ಎಡಮಗ್ಗುಲಿಗೆ ಮಾಡಬೇಕಾದದ್ದು ಇಷ್ಟೆ: ನಾನು ಮುಸುಕಿನೊಳಗಿನಿಂದ ಆ ಸಾಲು ಹೇಳಬೇಕು, ಅವರು ಹೊರಗೆ ತುಟಿ ಆಡಿಸುತ್ತಾರೆ.

“ಬೆರಳು ಕೇಳ್ತಿಲ್ಲಮ್ಮ ನಾನು,” ಎಂದರು. “ಒಂದು ಸಾಲು ಕೇಳ್ತಿದೀನಿ.”

ಆ ಬೇಡರ ಹುಡುಗನ ಭಾಗವನ್ನು ಅವರು ಓದುವಾಗ ನಾನು ಎಷ್ಟು ಸಲ ಅತ್ತಿದ್ದೇನೋ ಲೆಕ್ಕವಿಲ್ಲ. ಅವರೂ ಅಳುತ್ತಿದ್ದರು. ಅಲ್ಲಿ ಗುರುವಿನ ಮೇಲೆ ಸಿಟ್ಟಾಗಬೇಕೆಂದು ನನಗೆ ಯಾವತ್ತೂ ತೋಚಿರಲಿಲ್ಲ, ಅಷ್ಟು ಚೆನ್ನಾಗಿ ಓದುತ್ತಿದ್ದರು.

ನಾನು ಸುಮ್ಮನಿದ್ದೆ. ಮೂವತ್ತನಾಲ್ಕು ವರ್ಷ ಸುಮ್ಮನಿದ್ದವಳ ಸುಮ್ಮನಿರುವಿಕೆಯನ್ನು ಜನ ಒಪ್ಪಿಗೆ ಎಂದುಕೊಳ್ಳುವುದು ಸಹಜ. ಅವರ ದನಿ ಮೆತ್ತಗಾಯಿತು. ತಾವು ಕನ್ನಡಿಯಲ್ಲಿ ದಿನಾ ನೋಡಿಕೊಳ್ಳುವುದುಂಟು, ಅಲ್ಲಿರುವುದು ಕೆಟ್ಟ ಮುಖವಲ್ಲ, ಆದರೆ ಅದನ್ನು ತಾವು ಸತ್ತಮೇಲೆ ಯಾರೂ ನೋಡುವುದಿಲ್ಲ ಎಂದರು. ತಮ್ಮ ದನಿ ಗಾಳಿಗೆ ಹೋಯಿತು, ಉಳಿಯುವುದು ಗೋಡೆಯ ಮೇಲಿನದು, ಅದಕ್ಕೂ ಮೀಸೆ ಬೇಕೇ ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಕಪ್ಪು ಬಟ್ಟೆಯೊಳಗೆ ನನ್ನ ತಲೆ ಆಗಲೇ ಅರ್ಧ ಆಡಿತ್ತು, ಹೂಂ ಅನ್ನುವ ದಿಕ್ಕಿನಲ್ಲಿ.

“ಅಷ್ಟಕ್ಕೂ ನಿಂದೇನಿದೆ ಅದರಲ್ಲಿ,” ಎಂದರು ಗುರುಗಳು ಸಮಾಧಾನದಿಂದ, ನನ್ನ ಭಾರ ಇಳಿಸುವವರ ಹಾಗೆ. “ಸಾಲು ನಂದೇ ತಾನೇ. ನನ್ನ ಬಾಯಿಂದ ಕೇಳಿ ಕೇಳಿ ತಾನೇ ನಿನಗೆ ಬಂದದ್ದು.”

ಅದೂ ನಿಜ. ಅವರ ಬಾಯಿಂದಲೇ ಬಂದದ್ದು. ಆದರೆ ಇವತ್ತು ಆ ಹೂವು ಬೇಕಾದ ಹೊತ್ತಿಗೆ ಅವರ ಬಾಯಲ್ಲಿ ಇರಲಿಲ್ಲ.

ಓಣಿಯ ಆ ತುದಿಯಲ್ಲಿ ಮೀನು ಗಾಜು ಮೂಸುವುದನ್ನು ಬಿಟ್ಟು ತಿರುಗಿತು. ಎರಡು ಬಾಲಗಳೂ ನೀರಿನಲ್ಲಿ ಒಂದು ಸುತ್ತು ಬೀಸಿ ಹಿಂದೆ ಬಂದವು. ಎಡಮಗ್ಗುಲು ಗಾಜಿನ ಉದ್ದಕ್ಕೂ ಬರುತ್ತಿತ್ತು. ನಾನು ಮುಸುಕು ಸರಿಪಡಿಸಿಕೊಂಡು ಕಣ್ಣಿಟ್ಟೆ, ಬೆರಳಿಟ್ಟೆ. ಹೊರಗೆ ಗುರುಗಳು ನೆಟ್ಟಗೆ ಕೂತ ಸದ್ದು, ತೊಡೆಯ ಮೇಲೆ ಕೈ ಬಿದ್ದ ಸದ್ದು.

“ಹೂಂ, ಹೇಳಮ್ಮ,” ಎಂದರು.

“ಆಗಲ್ಲ ಗುರುಗಳೇ,” ಅಂದೆ. ಮೀನು ನಿಂತಿತು, ನಾನು ಒತ್ತಿದೆ. “ಇದು ನನ್ನ ಮುಖ. ಕೊಡಲ್ಲ.”